ಸದ್ದಿಲ್ಲದ ಬ್ರೇಕು

ಅಣ್ಣ ನೀಲೋನ ಶವಪೆಟ್ಟಿಗೆಯ ಮೇಲೆ ಕೋಳಿಮರಿ ಬಿಟ್ಟವನು ವೆಲ್ಮಾರ್. ಯಾರನ್ನೂ ಕೇಳಲಿಲ್ಲ. ಹಿತ್ತಲಿಗೆ ಹೋದ, ಹೇಟೆಯ ರೆಕ್ಕೆಯಡಿಯಿಂದ ಹಳದಿ ಮರಿಯೊಂದನ್ನು ಎತ್ತಿ ತಂದ, ನೀಲೋನ ಮುಖ ಕಾಣುವ ಗಾಜಿನ ಮೇಲೆ ಬಿಟ್ಟು ಒಂದು ಹಿಡಿ ಜೋಳದ ನುಚ್ಚು ಚೆಲ್ಲಿದ. ಮರಿ ಟಕ್ ಟಕ್ ಎಂದು ಕುಕ್ಕತೊಡಗಿತು. ಶವ ಕಾಯುತ್ತ ಅಂಗಳದಲ್ಲಿ ಇಸ್ಪೀಟಿಗೆ ಕೂತಿದ್ದವರ ಕೈ ನಿಂತಿತು.

ಮಂದಾಹಿಕನ್ ಊರಿನಲ್ಲಿ ಅದಕ್ಕೆ ಒಂದೇ ಅರ್ಥ. ಕೊಲೆಯಾದವರ ಪೆಟ್ಟಿಗೆಯ ಮೇಲಷ್ಟೇ ಮರಿ ಬಿಡುವುದು. ಅದು ಗಾಜನ್ನು ಕುಕ್ಕಿದಾಗಲೆಲ್ಲ ಕೊಂದವನ ಎದೆಯನ್ನು ಕುಕ್ಕುತ್ತದೆ. ಅವನು ಎಲ್ಲೇ ಅಡಗಿರಲಿ, ನಿದ್ದೆ ಬಿಟ್ಟು, ಅನ್ನ ಬಿಟ್ಟು, ಕೊನೆಗೆ ತಾನಾಗಿ ಬಂದು ಎದುರು ನಿಲ್ಲಬೇಕು. ಬೈಕಿನಿಂದ ಬಿದ್ದು ಸತ್ತವನಿಗೆ ಮರಿ ಬಿಟ್ಟದ್ದನ್ನು ಆ ಬೆಟ್ಟದಲ್ಲಿ ಯಾರೂ ಕಂಡಿರಲಿಲ್ಲ.

"ಲೋ, ತಲೆ ಕೆಟ್ಟಿದೆಯೇನೋ ನಿಂಗೆ?" ಎಂದ ತಾಸ್ಯೋ. ಅವನೂ ನೀಲೋನ ಹಾಗೆ ಹಬಲ್-ಹಬಲ್ ಓಡಿಸುವವನು. ಸೀಟಿನ ಹಿಂದಕ್ಕೆ ಉದ್ದ ಹಲಗೆ ಕಟ್ಟಿ, ಜನ, ಮೂಟೆ, ಹಂದಿ, ಎಲ್ಲವನ್ನೂ ಹೇರಿಕೊಂಡು ಬೆಟ್ಟ ಹತ್ತಿಳಿಯುವ ಬಾಡಿಗೆ ಬೈಕು ಅದು. "ಕೊಲೆ ಆದೋರಿಗೆ ಕಣೋ ಮರಿ ಬಿಡೋದು. ನಿಮ್ಮಣ್ಣ ಬಿದ್ದು ಸತ್ತ."

"ಬಿದ್ದು ಸಾಯ್ಲಿಲ್ಲ. ಬೀಳಿಸಿ ಸಾಯ್ಸಿದ್ರು."

"ಯಾರು? ದೆವ್ವಾನಾ?"

"ಇಸ್ಕೋ."

ಇಸ್ಪೀಟಿನವರಲ್ಲಿ ನಗುವುದಕ್ಕೆ ಬಾಯಿ ತೆರೆದಿದ್ದವನು ಹಾಗೇ ಮುಚ್ಚಿಕೊಂಡ. ಇಸ್ಕೋ ಎಂದರೆ ಆ ಬೆಟ್ಟದ ಒಬ್ಬನೇ ಮೆಕ್ಯಾನಿಕ್ಕು. ಅಲ್ಲಿ ಕೂತಿದ್ದವರ ಒಬ್ಬೊಬ್ಬರ ಬೈಕೂ ಅವನ ಕೈಯಿಂದಲೇ ಬದುಕಿತ್ತು. ಅವನು ಕೊಲೆಗಾರ ಅಂದರೆ ನಾಳೆ ತಾವೆಲ್ಲ ಯಾವ ಧೈರ್ಯದ ಮೇಲೆ ಇಳಿಜಾರು ಇಳಿಯುವುದು?

ವೆಲ್ಮಾರನ ಲೆಕ್ಕ ನೇರವಾಗಿತ್ತು. ನೀಲೋನದು ಅಪ್ಪನ ಕಾಲದ ಬೈಕು. ವೆಲ್ಮಾರನಿಗಿಂತ ಅದಕ್ಕೇ ವಯಸ್ಸು ಜಾಸ್ತಿ. ಹಿಂದಿನ ವಾರ ಅದರ ಆಕ್ಸಿಲರೇಟರ್ ತಂತಿ ತುಂಡಾಯಿತು. ಹೊಸ ತಂತಿ ಸಿಗಬೇಕಾದರೆ ಪೇಟೆಗೆ ಹೋಗಬೇಕು. ಇಸ್ಕೋ ಸೈಕಲ್ಲಿನ ಬ್ರೇಕ್ ತಂತಿಯೊಂದನ್ನು ಕತ್ತರಿಸಿ, ತುದಿಗೆ ಸೀಸ ಕಾಯಿಸಿ ಗುಂಡು ಕೂರಿಸಿ, ಅದನ್ನೇ ಹಾಕಿಕೊಟ್ಟ. ನೀಲೋ ನಕ್ಕು ಅವನ ಬೆನ್ನು ತಟ್ಟಿದ. ಆಮೇಲೆ ಗುರುವಾರ ಬೆಳಿಗ್ಗೆ, ತರಕಾರಿಯ ಲೂಸಿಂಗಳನ್ನೂ ಅವಳ ಎರಡು ಬುಟ್ಟಿ ಎಲೆಕೋಸನ್ನೂ ಕೂರಿಸಿಕೊಂಡು ಸಂತೆಗೆ ಹೊರಟ. ಊರ ಕೆಳಗಿನ ದೊಡ್ಡ ಇಳಿಜಾರಿಗೆ ಜನ ಸಂತ ಪೇದ್ರೋನ ಏಣಿ ಎಂದು ಹೆಸರಿಟ್ಟಿದ್ದಾರೆ, ಜಾರಿದರೆ ನೇರ ಅವನು ಕಾಯುವ ಸ್ವರ್ಗದ ಬಾಗಿಲಿಗೇ ಹೋಗಿ ಬೀಳುತ್ತೇವೆಂದು. ಅಲ್ಲಿ ಬೈಕು ಕೈ ಮೀರಿತು. ಅರ್ಧ ದಾರಿಯಲ್ಲಿ ನೀಲೋ ಲೂಸಿಂಗಳಿಗೆ ಹಾರು ಎಂದ. ಅವಳು ಹಾರಿ ಮೊಣಕೈ ಮುರಿದುಕೊಂಡಳು. ಅವನು ಬೈಕಿನ ಜೊತೆಗೇ ಹೋಗಿ ಕೆಳಗಿನ ಬಿದಿರುಮೆಳೆಗೆ ಬಿದ್ದ.

"ಇಂಜಿನ್ನು ಕಿರುಚ್ತಿತ್ತು ಕಣ್ರಪ್ಪ," ಎಂದು ಲೂಸಿಂಗ್ ಕೈಗೆ ಬಟ್ಟೆ ಸುತ್ತಿಕೊಂಡು ಬಂದವರಿಗೆಲ್ಲ ಹೇಳುತ್ತಿದ್ದಳು. "ಇಳಿಜಾರಲ್ಲಿ ಯಾರಾದ್ರೂ ರೈಸ್ ಮಾಡ್ತಾರಾ? ಅದು ತಾನಾಗೇ ಅರಚ್ತಿತ್ತು. ಹಂದಿ ಮಾತ್ರ ಅವತ್ತು ಕೂಗ್ಲೇ ಇಲ್ಲ ನೋಡಿ."

ಹಂದಿ ಎಂದರೆ ನೀಲೋನ ಹಿಂದಿನ ಬ್ರೇಕು. ತುಳಿದರೆ ಕುಯ್ಯುವ ಹಂದಿಯ ಹಾಗೆ ಕಿರುಚುತ್ತಿತ್ತು. ಅವನು ಇನ್ನೂ ಎರಡು ತಿರುವು ಮೇಲಿರುವಾಗಲೇ ಕೆಳಗಿನವರು, "ಬಂತಪ್ಪ ಹಂದಿ, ಪಾತ್ರೆ ತೊಳೀರಿ," ಎಂದು ನಗುತ್ತಿದ್ದರು.

ಇಂಜಿನ್ನು ತಾನಾಗೇ ಅರಚಿತು ಅಂದರೆ ಆಕ್ಸಿಲರೇಟರ್ ಸಿಕ್ಕಿಕೊಂಡಿತು. ಅದು ಸಿಕ್ಕಿಕೊಂಡಿತು ಅಂದರೆ ಸೈಕಲ್ ತಂತಿ. ಸೈಕಲ್ ತಂತಿ ಅಂದರೆ ಇಸ್ಕೋ. ಪೊಲೀಸರಿಗೆ ಇಷ್ಟು ಯೋಚಿಸುವ ವ್ಯವಧಾನ ಇರಲಿಲ್ಲ. ಬಂದರು, ಬಿದಿರಿನಲ್ಲಿ ಸಿಕ್ಕ ಬೈಕಿನ ಫೋಟೋ ತೆಗೆದರು, 'ಅತಿವೇಗ' ಎಂದು ಬರೆದುಕೊಂಡರು, ಕೊಟ್ಟ ಕಾಫಿ ಕುಡಿದು ಇಳಿದು ಹೋದರು. ಒಂದು ಪದದಲ್ಲಿ ಒಬ್ಬ ಮನುಷ್ಯ ಮುಗಿದ. ವೆಲ್ಮಾರ್‌ಗೆ ಆ ಪದವನ್ನು ಯಾರದಾದರೂ ಗಂಟಲಿಗೆ ತುರುಕಬೇಕಿತ್ತು.

ಅಪ್ಪ ಸತ್ತಾಗ ವೆಲ್ಮಾರ್ ಇನ್ನೂ ಚಡ್ಡಿ ಹಾಕುತ್ತಿದ್ದ. ಶಾಲೆ ಬಿಟ್ಟು ಮೂಟೆ ಹೊರಲು ಹೊರಟಾಗ ಕೆನ್ನೆಗೆ ಬಾರಿಸಿದವನು ನೀಲೋ; ವಾಪಸ್ಸು ಹೋಗಲಾರೆ ಎಂದು ಹಟ ಹಿಡಿದಾಗ ಕೂರಿಸಿಕೊಂಡು ಗೇರು ಹಾಕುವುದು ಕಲಿಸಿದವನೂ ನೀಲೋನೇ. ಆ ಅಣ್ಣ ಈಗ ಗಾಜಿನ ಕೆಳಗೆ, ಯಾರೋ ಪೇಟೆಯವರು ಹಚ್ಚಿದ ಪೌಡರಿನಲ್ಲಿ, ಮದುವೆ ಗಂಡಿನ ಹಾಗೆ ಮಲಗಿದ್ದ.

ಅಮ್ಮ ನಾನಾಯ್ ಪಾಸಿಂಗ್ ಪೆಟ್ಟಿಗೆಯ ತಲೆದೆಸೆಯಲ್ಲಿ ಕೂತಿದ್ದಳು. ಊರಿಗೆಲ್ಲ ಉಳುಕು ತೆಗೆಯುವವಳು ಅವಳು. ತೆಂಗಿನ ಹಾಲು ಕಾಸಿ ಎಣ್ಣೆ ತೆಗೆದು, ಅದರಲ್ಲಿ ಶುಂಠಿಯನ್ನೂ ಮಜ್ಜಿಗೆಹುಲ್ಲನ್ನೂ ಕುದಿಸಿ ಬಾಟಲಿಗೆ ತುಂಬಿಡುತ್ತಿದ್ದಳು. ಮಂದಾಹಿಕನ್ನಿನ ಮಂಡಿ, ಸೊಂಟ, ಭುಜ ಯಾವುದೂ ಆ ಎಣ್ಣೆಯ ವಾಸನೆ ತಪ್ಪಿಸಿಕೊಂಡಿರಲಿಲ್ಲ. ಮರಿ ಕುಕ್ಕುವುದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಖಾತ್ರಿನಾ ಮಗಾ?"

"ಖಾತ್ರಿ ಅಮ್ಮ."

"ಹಾಗಾದ್ರೆ ಕುಕ್ಲಿ," ಎಂದಳು. "ನನ್ ಮಗನ್ನ ಕೊಂದ ಕೈಗೆ ಅನ್ನ ಎತ್ಕೊಳ್ಳೋ ಶಕ್ತಿ ಇರ್ಬಾರ್ದು. ಕಣ್ಣಿಗೆ ನಿದ್ದೆ ಬರ್ಬಾರ್ದು." ಗುರುವಾರದಿಂದ ಅವಳೇ ಕಣ್ಣು ಮುಚ್ಚಿರಲಿಲ್ಲ. ನುಚ್ಚು ಮುಗಿಯುತ್ತ ಬಂದಾಗ ತನ್ನ ಕೈಯಿಂದಲೇ ಇನ್ನಷ್ಟು ಚೆಲ್ಲಿದಳು.

ಮಧ್ಯಾಹ್ನ ಇಸ್ಕೋ ಬಂದ. ಬರದೆ ಇರಬಹುದಿತ್ತು. ಸಾವಿನ ಮನೆಗೆ ಬರುವವರು ಏನಾದರೂ ತರಬೇಕಲ್ಲ, ಒಂದು ಡಬ್ಬ ಬಿಸ್ಕತ್ತು ಹಿಡಿದುಕೊಂಡು, ತಲೆ ಬಾಚಿಕೊಂಡು ಬಂದ. ಮರಿಯ ಸುದ್ದಿ ದಾರಿಯಲ್ಲೇ ಕಿವಿಗೆ ಬಿದ್ದಿತ್ತು. ಅಂಗಳದ ನಡುವೆ ಬಂದು ನಿಂತ.

ವೆಲ್ಮಾರ್ ನೇರ ಹೋಗಿ ಮೂತಿಗೊಂದು ಗುದ್ದಿದ. ಡಬ್ಬ ಬಿದ್ದು ಬಿಸ್ಕತ್ತು ಚೆಲ್ಲಾಪಿಲ್ಲಿಯಾಯಿತು. ಕೋಳಿಗಳು ಓಡಿ ಬಂದವು.

"ಬಿಡೋ, ಬಿಡೋ ಅವನ್ನ!" ಎಂದು ಇಬ್ಬರು ವೆಲ್ಮಾರನ ಸೊಂಟ ಹಿಡಿದರು.

"ಬಿಡ್ತೀನಿ, ಮೊದ್ಲು ಇವನು ಸಾಯ್ಲಿ! ಸೈಕಲ್ ತಂತಿ ಹಾಕ್ತಾನಂತೆ! ನಿಮ್ಮಪ್ಪನ ಹೆಣಕ್ಕೆ ಹಾಕೋ ಸೈಕಲ್ ತಂತಿ!"

ಇಸ್ಕೋ ತುಟಿಯ ರಕ್ತ ಒರೆಸಿಕೊಂಡ. ಅರವತ್ತು ದಾಟಿದ, ಗಿಡ್ಡ ಕತ್ತಿನ ಮನುಷ್ಯ. "ಹೊಡ್ಕೋ," ಎಂದ. "ಇನ್ನೊಂದು ಬೇಕಾದ್ರೂ ಹೊಡ್ಕೋ. ಆದ್ರೆ ಬೈಕು ಎಲ್ಲಿದೆ?"

"ಯಾಕೆ, ತಂತಿ ಬಿಚ್ಕೊಂಡು ಹೋಗ್ತೀಯಾ?"

"ನೀನೇ ಬಿಚ್ಚು. ಎಲ್ಲರ ಮುಂದೆ ಬಿಚ್ಚು. ನಾನು ಮುಟ್ಟಲ್ಲ. ನನ್ನ ತಂತಿ ಸಿಕ್ಕಿಕೊಂಡಿದ್ರೆ ಆ ಮರಿನ ಎತ್ತಿ ನನ್ನ ತಲೆ ಮೇಲೆ ಬಿಡು, ಸಾಯೋವರ್ಗೂ ಹೊತ್ಕೊಂಡು ತಿರುಗ್ತೀನಿ."

"ಸರಿಯಾಗೇ ಹೇಳ್ದ," ಎಂದ ತಾಸ್ಯೋ. "ಬಿಚ್ಚೋ ವೆಲ್. ಬಾಯಲ್ಲಿ ಮಾತ್ರ ಮೆಕ್ಯಾನಿಕ್ಕಾ?"

ಬೈಕು ಹಲಸಿನ ಮರಕ್ಕೆ ಒರಗಿ ನಿಂತಿತ್ತು. ಮುಂದಿನ ಫೋರ್ಕು ಬಾಗಿತ್ತು, ದೀಪ ಒಡೆದಿತ್ತು, ಹಲಗೆಯ ಅರ್ಧ ಇರಲಿಲ್ಲ. ಹ್ಯಾಂಡಲ್ಲಿನ ಬಲಗಡೆ ಮಾತ್ರ ಮುಕ್ಕಾಗದೆ ಉಳಿದಿತ್ತು. ಇಸ್ಪೀಟಿನವರು, ಕಾಫಿಯವರು, ಮೊಣಕೈ ಎತ್ತಿಕೊಂಡ ಲೂಸಿಂಗ್, ಎಲ್ಲರೂ ಸುತ್ತ ನಿಂತರು.

ವೆಲ್ಮಾರ್ ಮೊದಲು ಹಿಡಿಯನ್ನು ತಿರುಗಿಸಿ ಬಿಟ್ಟ. ಟಕ್ ಎಂದು ವಾಪಸ್ಸು ಬಂತು. ಮತ್ತೆ ತಿರುಗಿಸಿದ. ಟಕ್.

"ಈಗ ಬರುತ್ತೆ," ಎಂದ. "ಹ್ಯಾಂಡಲ್ ತಿರುಗಿದಾಗ ಎಳ್ಕೊಂಡಿರುತ್ತೆ." ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ಒತ್ತಿ ತಿರುಗಿಸಿ ಬಿಟ್ಟ, ಬಲಕ್ಕೆ ಒತ್ತಿ ಬಿಟ್ಟ. ಎರಡು ಕಡೆಯೂ ಟಕ್. ತಂತಿಯನ್ನು ಹಿಡಿಯಿಂದ ಕಳಚಿ ಬೆರಳಿನಿಂದ ಎಳೆದ. ಬೆಣ್ಣೆಯಲ್ಲಿ ಎಳೆದ ಹಾಗೆ ಹೋಯಿತು, ಬಂತು. ಒಂದೇ ಒಂದು ಎಳೆಯೂ ಬಿಟ್ಟಿರಲಿಲ್ಲ. ಇಸ್ಕೋ ಕೂರಿಸಿದ ಸೀಸದ ಗುಂಡು ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು.

"ಕಾರ್ಬುರೇಟರ್ ಒಳಗೆ ಸಿಕ್ಕಿಕೊಂಡಿರುತ್ತೆ," ಎಂದ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಮುಚ್ಚಳ ತಿರುಗಿಸಿ ತೆಗೆದ. ಒಳಗಿನ ಕೊಳವೆ ಸ್ಪ್ರಿಂಗಿನ ಜೊತೆ ಈಚೆ ಬಂತು. ಗೀರಿಲ್ಲ, ಮಣ್ಣಿಲ್ಲ. ವಾಪಸ್ಸು ಇಳಿಬಿಟ್ಟರೆ ತನ್ನ ಭಾರಕ್ಕೇ ಜಾರಿ ತಳ ಸೇರಿತು. ಸಿಕ್ಕಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಅವನಿಗೆ ಮೈ ಉರಿಯಿತು. ಸತ್ಯ ಎದುರಿಗೆ ನಿಂತು ಹಲ್ಲು ಕಿರಿಯುತ್ತಿದ್ದ ಹಾಗಿತ್ತು. "ಮತ್ಯಾಕೆ ಅರಚ್ತು? ಲೂಸಿಂಗ್ ಸುಳ್ಳು ಹೇಳ್ತಾಳಾ?"

"ನಾನ್ಯಾಕಪ್ಪ ಸುಳ್ಳು ಹೇಳ್ಲಿ? ಮೂಳೆ ಮುರ್ಕೊಂಡೋಳು ನಾನು!"

ಇಸ್ಕೋ ಕೆಳಗೆ ಬಗ್ಗಿದ. ಮುಟ್ಟಲಿಲ್ಲ, ಬೆರಳು ತೋರಿಸಿದ ಅಷ್ಟೆ. "ಗೇರು ನೋಡು."

ವೆಲ್ಮಾರ್ ಹಿಂದಿನ ಚಕ್ರ ತಿರುಗಿಸಿ, ಗೇರಿನ ಕಾಲುಪಟ್ಟಿ ಅಲುಗಿಸಿ ನೋಡಿದ. ಬೈಕು ಒಂದನೇ ಗೇರಿನಲ್ಲಿತ್ತು.

ಆಗ ಗೊತ್ತಾಯಿತು. ನೀಲೋ ಇಳಿಜಾರಿನಲ್ಲಿ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಎಳೆದಿದ್ದ, ಇಂಜಿನ್ನೇ ಬೈಕನ್ನು ತಡೆಯಲಿ ಎಂದು. ಅಷ್ಟು ವೇಗದಲ್ಲಿ ಒಂದನೇ ಗೇರಿಗೆ ಹಾಕಿದರೆ ಯಾವ ಇಂಜಿನ್ನೂ ಅರಚುತ್ತದೆ. ಅದು ಓಡುವ ಕಿರುಚಾಟವಲ್ಲ, ನಿಲ್ಲಿಸುವ ಕಿರುಚಾಟ. ಅಣ್ಣ ಕೊನೆಯವರೆಗೂ ನಿಲ್ಲಿಸಲು ನೋಡಿದ್ದ. ಬಿಟ್ಟು ಹಾರಬಹುದಿತ್ತು. ಹಾರು ಎಂದದ್ದು ಲೂಸಿಂಗಳಿಗೆ ಮಾತ್ರ.

"ಹಂಗಾದ್ರೆ ಬ್ರೇಕು," ಎಂದ ತಾಸ್ಯೋ, ಮೆಲ್ಲಗೆ.

ಮುಂದಿನ ಬ್ರೇಕು ಇರಲೇ ಇಲ್ಲ. ಆ ಬೆಟ್ಟದಲ್ಲಿ ಯಾರ ಬೈಕಿನಲ್ಲೂ ಇಲ್ಲ. ಕೆಂಪು ಕೆಸರಿನಲ್ಲಿ, ಹಿಂದೆ ನಾಲ್ಕು ಜನ ಕೂತಿರುವಾಗ ಮುಂದಿನ ಚಕ್ರ ಹಿಡಿದರೆ ಬೈಕು ಅಡ್ಡ ಮಲಗುತ್ತದೆ ಎಂದು ಎಲ್ಲರೂ ಮುಂದಿನ ತಂತಿ ಕಿತ್ತು ಬಿಸಾಡಿದ್ದಾರೆ. ಇರುವುದು ಹಿಂದಿನದೊಂದೇ. ಇಳಿಯುವಾಗ ಅದು ಕಾಯದಿರಲಿ ಎಂದು ನೀರಿನ ಬಾಟಲಿ ಕಟ್ಟಿ, ಸಣ್ಣ ಕೊಳವೆಯಲ್ಲಿ ಡ್ರಮ್ಮಿನ ಮೇಲೆ ಹನಿ ಹನಿ ಬಿಡುತ್ತಾರೆ.

ವೆಲ್ಮಾರ್ ಬ್ರೇಕಿನ ಕಂಬಿ ನೋಡಿದ. ನೆಟ್ಟಗಿತ್ತು. ಹೊಂದಿಸುವ ನಟ್ಟು ಜಾಗದಲ್ಲೇ ಇತ್ತು. ಗೇರನ್ನು ನ್ಯೂಟ್ರಲ್ಲಿಗೆ ತಂದು ಪೆಡಲು ತುಳಿದ, ತುದಿಯ ತೋಳು ಸರಿಯಾಗಿ ಎಳೆಯಿತು. ಎಳೆಯುತ್ತದೆ, ಆದರೆ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ತಿರುಗುತ್ತಲೇ ಇರುತ್ತದೆ. ಕೀರಲೂ ಇಲ್ಲ, ಹಿಡಿಯಲೂ ಇಲ್ಲ.

"ನೀರು ಒಳಗೆ ಹೋಗಿರುತ್ತೆ," ಎಂದರು ಯಾರೋ.

"ನೀರಾದ್ರೆ ಇಷ್ಟೊತ್ತಿಗೆ ಒಣಗಿರೋದು," ಎಂದ ಇಸ್ಕೋ. "ತುಕ್ಕು ಕಾಣ್ಬೇಕಿತ್ತು. ಚಕ್ರ ಇಳ್ಸು."

ವೆಲ್ಮಾರ್ ಬ್ರೇಕಿನ ನಟ್ಟು ಬಿಚ್ಚಿ ನೆಲದ ಮೇಲಿಟ್ಟು, ಆಕ್ಸೆಲ್ ಬಡಿದು ತೆಗೆದ. ಚಕ್ರ ಜಾರಿಸಿ, ಬ್ರೇಕಿನ ತಟ್ಟೆಯನ್ನು ಡ್ರಮ್ಮಿನಿಂದ ಈಚೆಗೆ ಎಳೆದ. ಮಂಡಿಯೂರಿ ಕೂತಿದ್ದವನು ಅವನೊಬ್ಬನೇ. ಪಕ್ಕದಲ್ಲಿ ಬಗ್ಗಿದ್ದವನು ಇಸ್ಕೋ. ಹಾಗಾಗಿ ವಾಸನೆ ಮೊದಲು ಬಡಿದದ್ದು ಅವರಿಬ್ಬರಿಗೆ.

ಸುಟ್ಟ ತೆಂಗಿನೆಣ್ಣೆ. ಅದರ ಹಿಂದೆ ಶುಂಠಿ. ಅದರ ಹಿಂದೆ ಮಜ್ಜಿಗೆಹುಲ್ಲು.

ಡ್ರಮ್ಮನ್ನು ಒಳಗಿನಿಂದ ಉಜ್ಜಿ ಹಿಡಿಯುವ ಎರಡೂ ಬ್ರೇಕ್ ಶೂಗಳು ದಪ್ಪವಾಗಿಯೇ ಇದ್ದವು, ಇನ್ನೂ ಒಂದು ವರ್ಷ ಬಾಳುವಷ್ಟು. ಆದರೆ ಲೈನರ್ ಪೂರ್ತಿ ಎಣ್ಣೆ ಕುಡಿದು, ಬೆಂದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಟ್ಟೆಯ ಸಂದಿಯಲ್ಲಿ ಏನೋ ಬೂದು ಬಣ್ಣದ್ದು ಅಂಟಿತ್ತು. ಬೆರಳಿನಲ್ಲಿ ಎತ್ತಿದ. ಕೋಳಿಪುಕ್ಕದ ಚೂರು.

ಅಮ್ಮ ಎಣ್ಣೆ ಹಚ್ಚುವುದು ಪುಕ್ಕದಲ್ಲೇ.

ವೆಲ್ಮಾರ್ ತಲೆ ಎತ್ತಿ ಇಸ್ಕೋನನ್ನು ನೋಡಿದ. ಇಸ್ಕೋ ಅವನನ್ನು ನೋಡಿದ. ಆ ಮುದುಕನ ಸೊಂಟಕ್ಕೂ ಪ್ರತಿ ತಿಂಗಳು ಅದೇ ಎಣ್ಣೆ. ಅವನ ಮೂಗು ಒಮ್ಮೆ ಅರಳಿತು. ಆಮೇಲೆ ಮುಖ ಕಲ್ಲಿನ ಹಾಗೆ ನಿಂತುಬಿಟ್ಟಿತು.

"ಏನಾಯ್ತೋ? ಏನಿದೆ ಒಳಗೆ?" ಎಂದು ತಾಸ್ಯೋ ಕತ್ತು ಚಾಚಿದ.

ಅಷ್ಟರಲ್ಲಿ ಜನ ಎಡಬಲ ಸರಿದು ದಾರಿ ಬಿಟ್ಟರು. ನಾನಾಯ್ ಪಾಸಿಂಗ್ ಕಾಫಿಯ ಲೋಟಗಳಿದ್ದ ತಟ್ಟೆ ಹಿಡಿದು ಬಂದಿದ್ದಳು. ಮಗ ಸತ್ತ ಮನೆಯಲ್ಲೂ ಬಂದವರ ಕೈ ಬರಿದಾಗಿರಬಾರದು. ಬಿಚ್ಚಿ ಬಿದ್ದಿದ್ದ ಚಕ್ರವನ್ನು ಅವಳು ನಿಂತು ನೋಡಿದಳು. ಕಣ್ಣು ಊದಿತ್ತು, ಆದರೂ ತುಟಿಯ ಮೇಲೆ ಏನೋ ಒಂದು ಬಂತು. ನಗುವಲ್ಲ, ನಗುವಿನ ನೆನಪು.

"ಅದನ್ನ ನಾನೇ ಸರಿ ಮಾಡಿದ್ದು," ಎಂದು ಲೂಸಿಂಗಳ ಕಿವಿಗೆ ಬಗ್ಗಿ ಮೆಲ್ಲಗೆ ಹೇಳಿದಳು. ಕೆಳಗೆ ಕೂತಿದ್ದ ವೆಲ್ಮಾರನಿಗೂ ಕೇಳಿಸಿತು. "ಬುಧವಾರ ಸಾಯಂಕಾಲ. ಅವನಿಗೆ ಹೇಳ್ಲಿಲ್ಲ. ಎಲ್ರೂ ಹಂದಿ ಹಂದಿ ಅಂತ ನನ್ ಮಗನ್ನ ಆಡ್ಕೊಳ್ಳೋರು. ಕೀಲು ಕಿರುಗುಟ್ಟಿದ್ರೆ ಏನ್ ಮಾಡ್ತೀವಿ, ಎಣ್ಣೆ ಬಿಡ್ತೀವಿ. ಅಷ್ಟೇ ಅಲ್ವಾ? ಬೆಳಿಗ್ಗೆ ಎಷ್ಟು ತಣ್ಣಗೆ ಹೋದ ಗೊತ್ತಾ. ತಿರುವಿನವರೆಗೂ ಕೇಳಿಸ್ಕೊಂಡೆ. ಒಂದು ಸದ್ದಿಲ್ಲ. ಕೊನೇ ದಿನಾನಾದ್ರೂ ಯಾರೂ ನಗ್ಲಿಲ್ಲವಲ್ಲ ಅವನ್ನ ನೋಡಿ."

ಲೂಸಿಂಗ್ ಅಳುತ್ತ ತಲೆಯಾಡಿಸಿದಳು. "ಹೌದು ನಾನಾಯ್. ಸದ್ದೇ ಇರ್ಲಿಲ್ಲ."

ವೆಲ್ಮಾರನ ಕೈಯಲ್ಲಿ ಶೂ ಇತ್ತು. ಎದೆಯೊಳಗೆ ಎರಡು ದಿನದಿಂದ ಯಾರ ಮೇಲೆ ಹಾಕಲಿ ಎಂದು ಹೊತ್ತು ತಿರುಗುತ್ತಿದ್ದ ಬೆಂಕಿ ಅಲ್ಲೇ ಇತ್ತು, ಒಂದು ಚೂರೂ ಆರಿರಲಿಲ್ಲ. ಹಾಕುವ ಜಾಗ ಮಾತ್ರ ಎದುರಿಗೆ ಕಾಫಿ ತಟ್ಟೆ ಹಿಡಿದು ನಿಂತಿತ್ತು. ನನ್ ಮಗನ್ನ ಕೊಂದ ಕೈಗೆ ಅನ್ನ ಎತ್ಕೊಳ್ಳೋ ಶಕ್ತಿ ಇರ್ಬಾರ್ದು ಎಂದಿದ್ದಳು. ಅಂದ ಮೇಲೆ ಅವಳು ಮಾಡಿ ತೋರಿಸುವವಳು. ಗೊತ್ತಾದ ದಿನ ಊಟದ ತಟ್ಟೆ ಪಕ್ಕಕ್ಕೆ ಸರಿಸುತ್ತಾಳೆ. ಮತ್ತೆ ಹತ್ತಿರ ಎಳೆದುಕೊಳ್ಳುವುದಿಲ್ಲ.

ತಾಸ್ಯೋ ಇನ್ನೂ ಹತ್ತಿರ ಬಗ್ಗಿದ. ಅವನ ಮೂಗು ಶೂನಿಂದ ಮೊಳದ ದೂರದಲ್ಲಿತ್ತು.

ವೆಲ್ಮಾರ್ ಬೈಕಿನ ಪೆಟ್ರೋಲ್ ಕೊಳವೆ ಕಿತ್ತ. ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲೆಲ್ಲ ಬ್ರೇಕಿನ ತಟ್ಟೆ, ಶೂ, ಡ್ರಮ್ಮು, ತನ್ನ ಮಂಡಿ, ಎಲ್ಲದರ ಮೇಲೂ ಸುರಿಯಿತು. ಘಾಟು ಎದ್ದು ಜನ ಹಿಂದೆ ಸರಿದರು.

"ಲೋ, ಏನ್ ಮಾಡ್ತಿದೀಯೋ!"

"ತೊಳೀತಿದೀನಿ. ಗಲೀಜಾಗಿದೆ." ಎದ್ದು ನಿಂತ. ಅಂಗೈಯಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. "ಇಸ್ಕೋದು ಏನೂ ತಪ್ಪಿಲ್ಲ. ನಂದು."

"ಏನು ನಿಂದು?"

"ಬ್ರೇಕಿನ ನಟ್ಟು ನಾನು ಸಡಿಲ ಮಾಡಿದ್ದೆ. ಬುಧವಾರ ರಾತ್ರಿ. ಚಕ್ರ ಉಜ್ಜುತ್ತೆ ಅಂತ ಬಿಚ್ಚಿ ಬಿಟ್ಟಿದ್ದೆ. ವಾಪಸ್ಸು ಬಿಗಿ ಮಾಡೋದು ಮರ್ತೆ. ಅಣ್ಣನಿಗೆ ಹೇಳೋದೂ ಮರ್ತೆ."

ನಟ್ಟು ಎಲ್ಲರ ಕಣ್ಣ ಮುಂದೆ ಬಿಗಿಯಾಗಿ ಕೂತಿತ್ತು, ಸ್ವಲ್ಪ ಹೊತ್ತಿನ ಮುಂಚೆ. ಅದನ್ನು ಗಮನಿಸಿದ್ದವರು ಇಬ್ಬರೇ. ಇಸ್ಕೋ ಬಾಯಿ ತೆರೆದ. ವೆಲ್ಮಾರ್ ಅವನ ಕಡೆ ನೋಡಿದ ನೋಟಕ್ಕೆ ಆ ಬಾಯಿ ಮುಚ್ಚಿತು. ಮುದುಕ ಒಡೆದ ತುಟಿ ಒರೆಸಿಕೊಂಡು, ನೆಲದ ಮೇಲಿದ್ದ ನಟ್ಟನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಥೂ!" ಎಂದ ತಾಸ್ಯೋ. "ಅವನ ಮುಖಕ್ಕೆ ಹೊಡ್ದೆಯಲ್ಲೋ, ನಾಯಿ! ಕೋಳಿಮರಿ ಬೇರೆ ಬಿಟ್ಟೆಯಲ್ಲೋ!"

ವೆಲ್ಮಾರ್ ಒಳಗೆ ಹೋದ. ಗಾಜಿನ ಮೇಲೆ ಮರಿ ಹೊಟ್ಟೆ ತುಂಬಿ ತೂಕಡಿಸುತ್ತಿತ್ತು. ಎತ್ತಿಕೊಂಡು ಹಿತ್ತಲಿಗೆ ಬಿಟ್ಟು ಬಂದ. ವಾಪಸ್ಸು ಬಂದಾಗ ಅಮ್ಮ ಅದೇ ಜಾಗದಲ್ಲಿ ನಿಂತಿದ್ದಳು. ಕಾಫಿಯ ತಟ್ಟೆಯನ್ನು ಲೂಸಿಂಗ್ ಒಂದೇ ಕೈಯಲ್ಲಿ ಇಸಿದುಕೊಂಡಿದ್ದಳು.

"ಅಮ್ಮ."

ಅವಳು ಅವನನ್ನು ನೋಡಿದಳು, ಬಾಗಿಲಲ್ಲಿ ನಿಂತ ಅಪರಿಚಿತನನ್ನು ನೋಡುವ ಹಾಗೆ. ಬೈದಿದ್ದರೆ ಅವನಿಗೆ ಸುಲಭವಿತ್ತು. ಒಳಗೆ ಹೋಗಿ ಪೆಟ್ಟಿಗೆಯ ತಲೆದೆಸೆಯಲ್ಲಿ ಕೂತಳು. ಅವನು ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ.

ಸಮಾಧಿಯ ದಿನ ಪೆಟ್ಟಿಗೆಗೆ ಹೆಗಲು ಕೊಡಲು ಹೋದಾಗ ತಾಸ್ಯೋ ಮೊಣಕೈಯಲ್ಲಿ ತಳ್ಳಿದ. ವೆಲ್ಮಾರ್ ಹಿಂದೆ ನಡೆದ, ಎಲ್ಲರಿಗಿಂತ ಹಿಂದೆ, ಮುರಿದ ಕೊಡೆ ಹಿಡಿದ ಮುದುಕಿಯರಿಗಿಂತಲೂ ಹಿಂದೆ. ಪಾದ್ರಿ ಕ್ಷಮೆಯ ಬಗ್ಗೆ ಏನೇನೋ ಹೇಳಿದ. ವೆಲ್ಮಾರ್‌ಗೆ ಆ ಪುಸ್ತಕ ಕಸಿದು ಹರಿಯಬೇಕೆನಿಸಿತು. ಕ್ಷಮಿಸುವುದಕ್ಕೆ ಯಾರಾದರೂ ತಪ್ಪು ಮಾಡಿರಬೇಕಲ್ಲ. ಮಗನನ್ನು ಯಾರೂ ಆಡಿಕೊಳ್ಳಬಾರದು ಅಂದುಕೊಂಡದ್ದು ಯಾವ ಪುಸ್ತಕದಲ್ಲಿ ಪಾಪ ಅಂತ ಬರೆದಿದೆ? ತೋರಿಸಲಿ.

ಹಿಂತಿರುಗುವ ದಾರಿಯಲ್ಲಿ ಇಸ್ಕೋ ಅವನ ಪಕ್ಕಕ್ಕೆ ಬಂದ.

"ಎಷ್ಟು ದಿನ ಹೊರ್ತೀಯೋ ಇದನ್ನ?"

"ನಿಂಗ್ಯಾಕೆ?"

"ಹೊಡಿಸ್ಕೊಂಡೋನು ನಾನು. ಕೇಳ್ಬಾರ್ದಾ?"

"ಬಾಯಿ ಬಿಟ್ರೆ ಇನ್ನೊಂದು ಬೀಳುತ್ತೆ, ನೋಡ್ಕೋ."

"ಬಿಡಲ್ಲ ಕಣೋ, ಬಿಡಲ್ಲ," ಎಂದ ಇಸ್ಕೋ. ಸ್ವಲ್ಪ ದೂರ ಜೊತೆಗೇ ನಡೆದ. ಆಮೇಲೆ ತನ್ನ ದಾರಿಗೆ ತಿರುಗಿದ.

ಒಂಬತ್ತು ದಿನದ ಪ್ರಾರ್ಥನೆ ಮುಗಿಯುವವರೆಗೂ ಅಮ್ಮ ಅವನೊಡನೆ ಮಾತಾಡಲಿಲ್ಲ. ತಟ್ಟೆಗೆ ಜೋಳದನ್ನ, ಒಣಮೀನು ಹಾಕಿಟ್ಟು ಎದ್ದು ಹೋಗುತ್ತಿದ್ದಳು. ಆದರೆ ಅವಳು ಉಣ್ಣುತ್ತಿದ್ದಳು. ಗೋಡೆಯ ಆಚೆ ಕೂತು ವೆಲ್ಮಾರ್ ಅವಳ ತಟ್ಟೆಗೆ ಚಮಚ ತಾಗುವ ಸದ್ದು ಕೇಳುತ್ತಿದ್ದ. ಅದು ನಿಂತರೆ ಅವನ ಕೈಯೂ ನಿಲ್ಲುತ್ತಿತ್ತು. ಬೆಳಗಿನ ಜಾವದಲ್ಲಿ ಅವಳ ಗೊರಕೆಯೂ ಕೇಳಿಸತೊಡಗಿತು. ಅಷ್ಟಾದರೆ ಸಾಕಿತ್ತು ಅವನಿಗೆ. ಅವಳು ಅವನನ್ನು ದ್ವೇಷಿಸಿಕೊಂಡು ಉಣ್ಣಲಿ, ಶಪಿಸಿಕೊಂಡು ಮಲಗಲಿ.

ಪ್ರಾರ್ಥನೆ ಮುಗಿದ ಮರುದಿನ ಬೆಳಿಗ್ಗೆ ಅವನು ತನ್ನ ಬೈಕು ತೆಗೆಯಬೇಕಿತ್ತು. ಅವನದೂ ಹಳೆಯದೇ, ಅದರ ಬ್ರೇಕೂ ಕಿರುಚುತ್ತದೆ, ಅಣ್ಣನದರಷ್ಟಲ್ಲ. ಮುಖ ತೊಳೆದುಕೊಂಡು ಅಂಗಳಕ್ಕೆ ಬಂದಾಗ ಅಮ್ಮ ಬೈಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಾಟಲಿ. ಕೈಯಲ್ಲಿ ಕೋಳಿಪುಕ್ಕ. ಅದರ ತುದಿ ಬ್ರೇಕಿನ ತಟ್ಟೆಯ ಸಂದಿಯಲ್ಲಿತ್ತು.

ಅವಳು ತಿರುಗಿ ನೋಡಲಿಲ್ಲ. ಪುಕ್ಕದ ಕಡೆಗೇ ಮುಖ ಮಾಡಿಕೊಂಡು ಮಾತಾಡಿದಳು, ಎಷ್ಟೋ ದಿನದಿಂದ ಕಟ್ಟಿಟ್ಟುಕೊಂಡ ಮಾತು. "ನೀನು ಬೇಕಂತ ಮಾಡಿದ್ದಲ್ಲ ಮಗಾ. ಅವನಿಗೆ ಒಳ್ಳೇದಾಗ್ಲಿ ಅಂತ್ಲೇ ಮಾಡ್ದೆ. ಕೈ ತಪ್ತು. ಪ್ರೀತಿಯಿಂದ ಮಾಡಿದ ಕೈಗೆ ದೇವ್ರು ಶಿಕ್ಷೆ ಕೊಡಲ್ಲ. ನಾನ್ಯಾಕೆ ಕೊಡ್ಲಿ ಅಂತ ರಾತ್ರಿಯೆಲ್ಲ ಯೋಚ್ನೆ ಮಾಡ್ದೆ."

ಅವಳಿಗೆ ಹೇಳಬೇಕೆಂದು ಅವನೇ ಹಗಲೂ ರಾತ್ರಿ ನುಂಗಿಕೊಂಡಿದ್ದ ಮಾತು ಅದು, ಅಕ್ಷರ ಅಕ್ಷರವೂ. ಆಗ ಅವಳು ಬಾಟಲಿ ಎತ್ತಿ ಪುಕ್ಕದ ಮೇಲೆ ಇನ್ನಷ್ಟು ಎಣ್ಣೆ ಬಗ್ಗಿಸಿದಳು.

"ಬಿಡು! ಮುಟ್ಟಬೇಡ ಅದನ್ನ!"

ಗಂಟಲು ಹರಿಯುವ ಹಾಗೆ ಕಿರುಚಿದ್ದ. ಪಕ್ಕದ ಮನೆಯ ನಾಯಿ ಬೊಗಳಿತು. ಅವಳ ಕೈ ಎದೆಗೆ ಹೋಯಿತು. ಬಾಟಲಿ ಉರುಳಿ ಎಣ್ಣೆ ಮಣ್ಣಿಗೆ ಇಳಿಯತೊಡಗಿತು. ಅವನು ಅಷ್ಟರಲ್ಲಿ ಅವಳ ಕೈಯಿಂದ ಪುಕ್ಕ ಕಿತ್ತುಕೊಂಡಿದ್ದ.

"ಅಮ್ಮ, ಅದಲ್ಲ... ನನ್ ಬೈಕಿಗೆ ಬೇಡ. ಸದ್ದು ಇರ್ಲಿ ಅಮ್ಮ. ಸದ್ದು ಮಾಡ್ಲಿ ಬಿಡು. ಸದ್ದಾದ್ರೆ ನಾನು ಬರ್ತಿದೀನಿ ಅಂತ ನಿಂಗೆ ಗೊತ್ತಾಗುತ್ತೆ."

ಎಷ್ಟು ಬೇಗ ಹೇಳಿದರೂ ತಡವಾಗಿತ್ತು. ಅವಳು ಮಣ್ಣಾದ ಬಾಟಲಿ ಎತ್ತಿಕೊಂಡು, ಲಂಗದ ಅಂಚಿನಲ್ಲಿ ಒರೆಸಿ, ಮುಚ್ಚಳ ಬಿಗಿ ಮಾಡಿದಳು.

"ನನ್ ಕೈ ತಾಗೋದೇ ಬೇಡ ಅಂತೀಯಾ," ಎಂದಳು. ಪ್ರಶ್ನೆಯಾಗಿರಲಿಲ್ಲ ಅದು. "ಸರಿ ಬಿಡಪ್ಪ."

ಅವಳು ಒಳಗೆ ಹೋದಳು. ವೆಲ್ಮಾರ್ ಪುಕ್ಕ ಹಿಡಿದು ನಿಂತೇ ಇದ್ದ. ಆಮೇಲೆ ಸ್ಪ್ಯಾನರ್ ತಂದ. ಆಕ್ಸೆಲ್ ಬಡಿದ, ಚಕ್ರ ಇಳಿಸಿದ, ತಟ್ಟೆ ಎಳೆದ. ಎಣ್ಣೆ ಒಂದು ಶೂಗೆ ಆಗಲೇ ತಾಗಿತ್ತು. ಪೆಟ್ರೋಲು ಸುರಿದು ಉಜ್ಜಿದ, ಕಡ್ಡಿ ಗೀರಿ ಸುಟ್ಟ, ಮರಳುಕಾಗದದಲ್ಲಿ ಕೆರೆದ, ಮತ್ತೆ ಸುರಿದು ಉಜ್ಜಿದ. ಅಡುಗೆಮನೆಯ ಕಿಟಕಿ ತೆರೆದೇ ಇತ್ತು. ಅವಳು ಅಲ್ಲಿ ನಿಂತು ನೋಡುತ್ತಿದ್ದಾಳೆಂದು ತಲೆ ಎತ್ತದೆಯೇ ಅವನಿಗೆ ಗೊತ್ತಿತ್ತು. ತಾನು ಮುಟ್ಟಿದ ಜಾಗವನ್ನು ಮಗ ಉಜ್ಜಿ, ಸುಟ್ಟು, ಕೆರೆದು ತೆಗೆಯುವುದನ್ನು ಅವಳು ನೋಡುತ್ತಿದ್ದಳು. ಕಣ್ಣೀರು ಶೂ ಮೇಲೆ ಬೀಳದ ಹಾಗೆ ತೋಳಿನಲ್ಲಿ ಒರೆಸಿಕೊಂಡ. ಉಜ್ಜುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕಿಟಕಿ ಮುಚ್ಚಿತು.